ಯಂತ್ರ ಓದದ ಸಾಲು

ಪ್ರೆಸ್ಸಿನ ಹಿಂದಿನ ಕೋಣೆ
ಮಂಗಳವಾರ, ೧೪ನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಅತ್ತೆ,

ಮಂಡಿ ನೋವು ಹೇಗಿದೆ? ಮಗಳ ಮನೆಯಲ್ಲಿ ಮೆಟ್ಟಿಲು ಜಾಸ್ತಿ ಅಂತ ಬರೆದಿದ್ದಿರಿ. ಹತ್ತಿಳಿಯುವ ಹಟ ಬೇಡ. ನಾನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ, ನಿದ್ದೆಯೂ ಅಷ್ಟಿಷ್ಟು ಬರುತ್ತಿದೆ.

ನಿಮ್ಮ ಮಗ ಹೋದ ಮೇಲೆ ಪ್ರೆಸ್ಸಿನ ಕಂಪ್ಯೂಟರನ್ನು ಅವರ ಪಾಸ್‌ವರ್ಡಿನಿಂದಲೇ ತೆರೆಯುತ್ತಿದ್ದೆ. ಅದನ್ನು ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ಯಾರ ಮಾತು ನಡೆಯಬೇಕೆಂದು ಬರೆದಿಡುವ ಕಡತವೊಂದಿದೆ. ಅದರಲ್ಲಿ ಇದ್ದದ್ದು ಅವರ ಹೆಸರೊಂದೇ. ಹೊಸ ಪ್ರಿಂಟರ್ ಸೇರಿಸಲೂ ಅವರ ಹೆಸರಿನಲ್ಲೇ ಒಳಗೆ ಹೋಗಬೇಕು. ರಿಪೇರಿಯವರು ಫೋನಿನಲ್ಲಿ, "ಇಲ್ದೋರ ಹೆಸರಲ್ಲಿ ಬೀಗದ ಕೈ ಇಡಬಾರದಮ್ಮಾ. ನಿಮ್ಮ ಹೆಸರು ಹಾಕಿ, ಅವರದು ತೆಗೀರಿ" ಅಂದರು. ನೀವು ಹೊರಡುವಾಗ ಬಾಗಿಲಲ್ಲಿ ನಿಂತು, "ಅವನ ಹೆಸರು ಎಲ್ಲೂ ಅಳಿಸಬೇಡ ಕಣೇ" ಅಂದದ್ದು ಕಿವಿಯಲ್ಲೇ ಇತ್ತು. ಒಂದು ವಾರ ಕಂಪ್ಯೂಟರಿನ ಹತ್ತಿರವೇ ಸುಳಿಯಲಿಲ್ಲ.

ಇವತ್ತು ಕೂತೆ. ಆ ಕಡತ ಕೆಟ್ಟರೆ ಯಾರಿಗೂ ಅಧಿಕಾರ ಉಳಿಯುವುದಿಲ್ಲವಂತೆ. ಅದಕ್ಕೇ ಮೊದಲು ನಕಲು ತೆಗೆದಿಟ್ಟೆ. ಪರದೆಯ ಮೇಲೆ ಅವರ ಹೆಸರಿನ ಕಿಟಕಿಯೊಂದನ್ನು ತೆರೆದೇ ಇಟ್ಟೆ. ಹೊಸ ಕೀಲಿ ತಿರುಗುವ ತನಕ ಹಳೆಯ ಬಾಗಿಲು ಮುಚ್ಚಬಾರದಲ್ಲ. 'ವಿಸುಡೊ' ಅಂತ ಒಂದು ಆಜ್ಞೆಯಿದೆ. ಅದು ಮೂಲ ಕಡತವನ್ನು ಕೈಗೆ ಕೊಡುವುದಿಲ್ಲ, ಕರಡು ಕೊಡುತ್ತದೆ, ತಪ್ಪು ನೋಡಿಯೇ ಮುಂದಕ್ಕೆ ಬಿಡುತ್ತದೆ. ಇಷ್ಟು ವರ್ಷ ನಮ್ಮ ಕರಡು ತಿದ್ದಿದ ನಿಮ್ಮ ಹಾಗೇ, ಕನ್ನಡಕ ಒಂದಿಲ್ಲ ಅಷ್ಟೆ. ನನ್ನ ಹೆಸರು ಸೇರಿಸಿದ ಸಾಲಿನಲ್ಲಿ ಆವರಣ ಚಿಹ್ನೆ ಮುಚ್ಚುವುದು ಮರೆತಿದ್ದೆ. ಸಾಲಿನ ಸಂಖ್ಯೆ ಸಮೇತ ತೋರಿಸಿ, "ಈಗೇನು?" ಎಂದು ಇಂಗ್ಲಿಷಿನಲ್ಲಿ ಕೇಳಿತು. ಮೂರು ತಿಂಗಳಿಂದ ಎಲ್ಲರೂ ಕೇಳುತ್ತಿರುವ ಪ್ರಶ್ನೆ. ಇದೊಂದು ಸಲ ಉತ್ತರ ಗೊತ್ತಿತ್ತು: ಮತ್ತೆ ತಿದ್ದುತ್ತೇನೆ. ತಿದ್ದಿದೆ. ಇನ್ನೊಂದು ಕಿಟಕಿಯಲ್ಲಿ ನನ್ನದೇ ಹೆಸರಿನಿಂದ ಪ್ರಿಂಟರ್ ಸೇರಿಸಿದೆ. ಮೊದಲ ಹಾಳೆ ಬೆಚ್ಚಗೆ ಹೊರಬಂತು. ಅದನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದೆ.

ನಾದಿನಿಗೂ ಮಕ್ಕಳಿಗೂ ಕೇಳಿದೆನೆಂದು ಹೇಳಿ. ನಿಮ್ಮ ಆಶೀರ್ವಾದ ಈ ಪ್ರೆಸ್ಸಿನ ಮೇಲಿರಲಿ.

ನೀವು ಬೈಯುವ ಹಾಗೆ,
ಮಾತು ಕೇಳದ ಸೊಸೆ

ಹೇಳುವುದೇ ಮರೆತೆ: ಈ ಸಲ ಮಾತು ಕೇಳಿದ್ದೇನೆ. ಕಡತದಲ್ಲಿ ಅವರ ಹೆಸರಿನ ಸಾಲು ಅಳಿಸಲಿಲ್ಲ, ಅದರ ಮೊದಲಿಗೆ # ಗುರುತು ಹಾಕಿದೆ. ಆ ಗುರುತಿದ್ದ ಸಾಲನ್ನು ಯಂತ್ರ ಓದುವುದಿಲ್ಲ, ಮನುಷ್ಯರು ಮಾತ್ರ ಓದುತ್ತಾರೆ. ಕರಡಿನ ಅಂಚಿನಲ್ಲಿ ನೀವು ಪೆನ್ಸಿಲಿನಲ್ಲಿ ಬರೆಯುತ್ತಿದ್ದಿರಲ್ಲ, ಹಾಗೆ. ಹೊಸ ಪುಸ್ತಕದ ಕರಡು ನಿಮ್ಮ ಮೇಜಿನ ಮೇಲಿಟ್ಟಿದ್ದೇನೆ. ಪೆನ್ಸಿಲ್ ಚೂಪು ಮಾಡಿದೆ. ಬನ್ನಿ.