ಎತ್ತಿ ಕುಡಿದ ನೀರು

ನೌಪಾಡಾ, ಠಾಣೆ
೧೭ ನವೆಂಬರ್ ೨೦೦೭

ಅಮ್ಮನಿಗೆ ನಿನ್ನ ಮುಕ್ತಾ ಮಾಡುವ ಪ್ರೀತಿಯ ವಂದನೆ.

ಭಾನುವಾರ ಫೋನಿನಲ್ಲಿ ಹೇಳಿದ್ದೆಲ್ಲ ನಿಜವಲ್ಲ. ತುರ್ಭೆಯ ಬುಧವಾರದ ಪ್ರಾರ್ಥನಾ ಕೂಟಕ್ಕೆ ಹದಿನೈದು ಹೆಂಗಸರು ಬರುತ್ತಾರೆ ಎಂದೆನಲ್ಲ, ಅವರು ಬಂದದ್ದು ಮೊದಲ ವಾರ ಮಾತ್ರ. ಆಮೇಲೆ ನಾಲ್ಕು ಬುಧವಾರ ಒಬ್ಬರ ಸುಳಿವೂ ಇಲ್ಲ. ಚಾಪೆ ಹಾಸಿ, ಒಬ್ಬಳೇ ಹಾಡಿ, ಚಾಪೆ ಸುತ್ತಿಟ್ಟು ಬಂದೆ. ಕ್ರಿಸ್ಮಸ್ಸಿನೊಳಗೆ ಕೂಟ ಕಟ್ಟಲಾಗದಿದ್ದರೆ ಮಿಷನ್ನಿನವರು ನನ್ನನ್ನು ದಾರ್ ಎಸ್ ಸಲಾಮಿಗೆ ವಾಪಸ್ ಕರೆಸಿಕೊಳ್ಳುತ್ತಾರೆ. ನಿನಗೇನೋ ಖುಷಿಯೇ, ಅಲ್ಲಿನ ಶಾಲೆಯಲ್ಲಿ ಕೆಲಸವನ್ನೂ ನೋಡಿಟ್ಟಿದ್ದೀಯ. ಆದರೆ ಇವರು ನನ್ನನ್ನು ಯಾಕೆ ಬಿಟ್ಟರು ಎಂದು ತಿಳಿಯದೆ ಹೊರಡಲು ನನಗೆ ಮನಸ್ಸಿರಲಿಲ್ಲ.

ಊರು ಮಾತ್ರ ನನಗೆ ಬೇಸರ ತಂದಿಲ್ಲ. ದಾರ್ ಎಸ್ ಸಲಾಮಿನಲ್ಲೇ ಹುಟ್ಟಿ ಬೆಳೆದವಳಿಗೆ ಇದೇ ಪರದೇಶ ನೋಡು. ಠಾಣೆಯಿಂದ ತುರ್ಭೆಗೆ ಹೋಗುವ ಲೋಕಲ್‌ನಲ್ಲಿ ಮೂವರ ಸೀಟಿನಲ್ಲಿ ನಾಲ್ಕನೆಯವಳಿಗೆ ಅರ್ಧ ಜಾಗ ಬಿಡುತ್ತಾರೆ, ಯಾರೂ ಕೇಳಬೇಕಾಗಿಲ್ಲ. ಪಕ್ಕದವಳು ಬಟಾಣಿ ಬಿಡಿಸುತ್ತಿದ್ದರೆ ನಾನೂ ನಾಲ್ಕು ಬಿಡಿಸಿಕೊಡುತ್ತೇನೆ. ಇಲ್ಲಿ ನಾನಿರುವುದು ರುಕ್ಮಿಣಿಯಮ್ಮನವರ ಮನೆಯಲ್ಲಿ. ಉಡುಪಿಯವರು, ಗಂಡ ಹೋಟೆಲ್ ನಡೆಸುತ್ತಿದ್ದರಂತೆ. ನಾನು ಚೊಂಬನ್ನು ತುಟಿಗೆ ಸೋಕಿಸದೆ ಎತ್ತಿ ಕುಡಿಯುವುದನ್ನು ನೋಡಿ, ಹುಡುಗಿ ಆಫ್ರಿಕಾದವಳಾದರೂ ಸಂಸ್ಕಾರ ನಮ್ಮದೇ ಎಂದು ಮೆಚ್ಚಿಕೊಂಡರು. ಅಜ್ಜಿಯ ತಾಲೀಮು ಅಂದೆ. ಒಂದು ಹನಿ ಚೆಲ್ಲಿದರೂ ಅಜ್ಜಿ ತಲೆಗೆ ಮೊಟಕುತ್ತಿದ್ದದ್ದು ನೆನಪಿದೆಯಾ?

ತುರ್ಭೆಯ ನಮ್ಮ ಸಭೆಯವರು ಕಲಬುರ್ಗಿ ಕಡೆಯವರು. ಗಂಡಸರು ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಾರೆ. ಹೆಂಗಸರಿಗೆಲ್ಲ ಬಾಲಮ್ಮನೇ ಹಿರಿಯಳು. ಮೊದಲ ಕೂಟ ಮುಗಿದ ಮೇಲೆ ಎಲ್ಲರೂ ನನ್ನನ್ನು ಅವಳ ಮನೆಗೆ ಕರೆದೊಯ್ದರು. ಬೂದಿ ಹಾಕಿ ಬೆಳಗಿದ ಹಿತ್ತಾಳೆಯ ಚೊಂಬಿನಲ್ಲಿ ನೀರು ಬಂತು. ನಾನು ತಲೆ ಹಿಂದಕ್ಕೆ ಬಾಗಿಸಿ, ಎತ್ತಿ, ಒಂದು ಹನಿಯೂ ಚೆಲ್ಲದೆ ಕುಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮೆಚ್ಚಿ ನೋಡುತ್ತಿದ್ದಾರೆ ಎಂದುಕೊಂಡೆನಮ್ಮ, ಅಷ್ಟು ಪೆದ್ದಿ ನಾನು.

ಕಾರಣ ತಿಳಿದದ್ದು ಈ ಸೋಮವಾರ, ಬಾಲಮ್ಮನ ಮೊಮ್ಮಗಳು ಚಂಪಾ ಸ್ಟೇಷನ್ನಿನಲ್ಲಿ ಸಿಕ್ಕಾಗ. ಖಾರಘರದ ಒಂದು ಆಫೀಸಿನಲ್ಲಿ ಕೆಲಸ ಅವಳಿಗೆ. ನಾನು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಹಿಂದಿಯಲ್ಲಿ: "ದೀದಿ, ಆಪ್ ಊಪರ್ ಸೇ ಪೀತೀ ಹೈ ನಾ." ಎತ್ತಿ ಕುಡಿದದ್ದೇ ತಪ್ಪು. ಊರಿನಲ್ಲಿ ಅವಳ ಅಜ್ಜಿಗೆ ಬಾವಿ ಮುಟ್ಟಲು ಬಿಡುತ್ತಿರಲಿಲ್ಲ. ಯಾರೋ ಮೇಲಿನಿಂದ ಬೊಗಸೆಗೆ ಸುರಿದರೆ ಕುಡಿಯಬೇಕು. ದೂರದಿಂದ ದೇವರ ಕೆಲಸಕ್ಕೆಂದು ಬಂದವಳೂ ತಮ್ಮ ಚೊಂಬಿಗೆ ತುಟಿ ತಾಗಿಸಲಿಲ್ಲ ಎಂದರೆ ಅವರು ಇನ್ನೇನು ತಿಳಿಯಬೇಕು? ನಾಚಿಕೆಯಿಂದ ಎರಡು ಗಾಡಿ ಬಿಟ್ಟು ಅಲ್ಲೇ ಕೂತೆ.

ಮಾರನೆಯ ದಿನ ಬಾಲಮ್ಮನ ಮನೆಗೆ ಹೋದೆ. ಅವಳು ಮುಖ ತಿರುಗಿಸಲಿಲ್ಲ. ಬರ್ರಿ ಅಕ್ಕೋರೆ ಅಂದಳು, ಕೂರಿಸಿದಳು, ಅಂಗಡಿಯಿಂದ ಸೀಲ್ ಇರುವ ನೀರಿನ ಬಾಟಲಿ ತರಿಸಿ ಮುಂದಿಟ್ಟಳು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಬಾಟಲಿ ಸರಿಸಿ, ಚೊಂಬಿನ ನೀರು ಕೊಡಿ ಎಂದೆ.

"ಅದಕ್ಕ ನಾವೆಲ್ಲಾ ಬಾಯಿ ಹಚ್ಚೀವ್ರಿ," ಅಂದಳು.

ನಾನೂ ಬಾಯಿ ಹಚ್ಚಿ ಕುಡಿದೆ. ಅಭ್ಯಾಸವಿಲ್ಲದೆ ಅರ್ಧ ನೀರು ಕೊರಳಿಗೆ ಇಳಿದು ಕುಪ್ಪಸ ನೆನೆಯಿತು. ಬಾಲಮ್ಮ ನಗಲಿಲ್ಲ, ಸೆರಗನ್ನೂ ಕೊಡಲಿಲ್ಲ. ನಮ್ಮ ಮನೆಯಲ್ಲಿ ಇರುವುದು ಒಂದೇ ಚೊಂಬು, ಎಂಜಲಾಗಬಾರದೆಂದು ಎಲ್ಲರೂ ಎತ್ತಿ ಕುಡಿಯುತ್ತೇವೆ, ಅದರಲ್ಲಿ ಬೇರೆ ಏನೂ ಇಲ್ಲ ಎಂದು ವಿವರಿಸಿದೆ. ಅವಳು ಕೇಳಿಸಿಕೊಂಡು, "ನಿಮ್ಮನೀಗ್ ಕೆಲಸಕ್ಕ ಬರಾಕಿ ಯಾತರಾಗ ಕುಡೀತಾಳ್ರಿ?" ಎಂದಳು. ಅದೇ ಚೊಂಬಿನಲ್ಲಿ ಎಂದೆ. ಅವಳು ತಲೆಯಾಡಿಸಿದಳು.

ಬುಧವಾರ ಕೂಟದ ಕೋಣೆಗೆ ಬಾಲಮ್ಮ ಬಂದಳು, ಜೊತೆಗೆ ಇಬ್ಬರು. ಹದಿನೈದಲ್ಲ, ಮೂವರು. ಬರುವಾಗ ಅವಳೇ ಚೊಂಬು ತಂದಿದ್ದಳು. ಹಾಡು ಮುಗಿದ ಮೇಲೆ ಅದು ಎಲ್ಲರ ಕೈ ದಾಟಿ ಕೊನೆಗೆ ನನಗೆ ಬಂತು. ಕುಡಿದೆ. ಈ ಸಲ ಚೆಲ್ಲಿದ್ದು ಸ್ವಲ್ಪವೇ.

ಆದ್ದರಿಂದ ಶಾಲೆಯವರಿಗೆ ನಾನು ಬರುವುದಿಲ್ಲ ಎಂದು ಹೇಳಿಬಿಡಮ್ಮ. ಕೋಪ ಮಾಡಿಕೊಳ್ಳಬೇಡ. ಅಪ್ಪನಿಗೆ ಮೊಣಕಾಲಿನ ಎಣ್ಣೆ ತಪ್ಪದೆ ಹಚ್ಚು.

ನಿನ್ನ ಮಗಳು,
ಮುಕ್ತಾ

ತಾ.ಕ.: ಕಾಗದ ಮಡಚಿದವಳು ಮತ್ತೆ ಬಿಚ್ಚಿದೆ. ಬುಧವಾರ ವಾಪಸ್ ಬರುವಾಗ ಗಾಡಿಯಲ್ಲಿ ಒಂದು ನೆನಪಾಯಿತು. ನಮ್ಮ ಹಿತ್ತಿಲ ಬಾಗಿಲ ಹೊರಗೆ, ಮೊಳೆಗೆ ತೂಗುಹಾಕಿದ ನೀಲಿ ಲೋಟವೊಂದಿತ್ತು. ಪಾತ್ರೆ ತೊಳೆದಾದ ಮೇಲೆ ಕೆಲಸದ ಜುಹುರಾ ಅದರಲ್ಲೇ ಚಹಾ ಕುಡಿಯುತ್ತಿದ್ದಳು. ಚಿಕ್ಕಂದಿನಲ್ಲಿ ಅದರಲ್ಲಿ ನೀರು ಕುಡಿದದ್ದಕ್ಕೆ ನೀನು ನನ್ನ ಬಾಯಿ ತೊಳೆಸಿದ್ದೆ. ಆ ಲೋಟ ಈಗಲೂ ಅಲ್ಲೇ ಇದೆಯಾ, ನೋಡಿ ಬರೆ. ಬಾಲಮ್ಮನಿಗೆ ನಾನು ಸುಳ್ಳು ಹೇಳಿ ಬಂದಿದ್ದೇನೆ.