ಗರಾಜಿನ ದೀಪ ಯಾರದು

ಲಿಟಲ್ ಎಲ್ಮ್, ಟೆಕ್ಸಸ್
ಮಾರ್ಚ್ 11, 2026

ಪ್ರೀತಿಯ ತಮ್ಮ ರಕ್ಷಿತ್,

ನಿನ್ನ ಕತ್ತುನೋವು ಹೇಗಿದೆ? ಹ್ಯೂಸ್ಟನ್ನಿನ ಆಫೀಸಿನಲ್ಲಿ ದಿನವಿಡೀ ಬಗ್ಗಿ ಕೂರಬೇಡ ಎಂದು ನಿನ್ನ ಹೆಂಡತಿ ನಿಶಿತಾ ಎಷ್ಟು ಹೇಳಿದರೂ ನೀನು ಕೇಳುವವನಲ್ಲ. ಇಲ್ಲಿ ನಿನ್ನ ಭಾವನಿಗೆ ಬಿ.ಪಿ. ಜಾಸ್ತಿಯಾಗಿದೆ. ನಾನು ಚೆನ್ನಾಗಿದ್ದೇನೆ ಎಂದರೆ ಸುಳ್ಳಾಗುತ್ತದೆ. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಕಾಗದ. ಇದನ್ನಾದರೂ ಪೂರ್ತಿ ಓದು.

ಐದು ವರ್ಷದ ಹಿಂದೆ ಹಿಮ ಬಿದ್ದು, ಕರೆಂಟ್ ಹೋಗಿ, ಎಲ್ಲರೂ ಕತ್ತಲಲ್ಲಿ ನಡುಗುತ್ತ ಕೂತಾಗ ಹುಟ್ಟಿದ್ದಲ್ಲವೇ ನಿಮ್ಮ ದೀಪ? ಸಣ್ಣ ಬ್ಯಾಟರಿಯಲ್ಲಿ ವಾರಗಟ್ಟಲೆ ಉರಿಯುವ ದೀಪದ ಯೋಚನೆ ಭಾವನದು. ಪಿಳಿಪಿಳಿ ಎನ್ನುತ್ತಿದ್ದ ಅದರ ಬೆಳಕನ್ನು ಸ್ಥಿರವಾಗಿ ನಿಲ್ಲಿಸಿದವನು ನೀನು. ನಮ್ಮ ಗರಾಜಿನಲ್ಲಿ ನಾನು ತಂದಿಟ್ಟ ಉಪ್ಪಿಟ್ಟು ಆರಿ ಕಲ್ಲಾದರೂ ನಿಮಗೆ ಪರಿವೆ ಇರುತ್ತಿರಲಿಲ್ಲ. ಎಡಿಸನ್ ಮತ್ತು ಸ್ವಾನ್ ಬಲ್ಬಿನ ಪೇಟೆಂಟಿಗಾಗಿ ಕಿತ್ತಾಡಿ, ಕಡೆಗೆ ಇಂಗ್ಲೆಂಡಿನಲ್ಲಿ ಒಂದೇ ಕಂಪನಿ ಕಟ್ಟಿದ ಕಥೆ ಹೇಳಿದವನೂ ನೀನೇ. "ಭಾವ, ನಾವು ಕಿತ್ತಾಟ ಬಿಟ್ಟು ನೇರವಾಗಿ ಕಂಪನಿಗೇ ಹೋಗೋಣ" ಎಂದು ನಕ್ಕಿದ್ದೆ.

ಆಮೇಲೆ ಆ ಆಷಾಢ ಬಂತು. ಪೇಟೆಂಟಿನ ಅರ್ಜಿಗೆ ಎಲ್ಲ ಸಿದ್ಧವಿದ್ದರೂ ಇವರು, "ಹೊಸ ಕೆಲಸ ಕಣೇ, ಶ್ರಾವಣ ಬರ್ಲಿ" ಎಂದು ಕೂತರು. ಮೊದಲು ಅರ್ಜಿ ಹಾಕಿದವರದೇ ಹಕ್ಕು ಎನ್ನುವ ದೇಶದಲ್ಲಿ ಪಂಚಾಂಗ ಹಿಡಿದು ಕೂತರೆ ಇನ್ನೇನಾಗುತ್ತದೆ? ಶ್ರಾವಣ ಶುಕ್ರವಾರ ತಲೆಗೆ ಸ್ನಾನ ಮಾಡಿ ಇವರು ಅರ್ಜಿ ಹಾಕುವಷ್ಟರಲ್ಲಿ ನೀನು ಹಾಕಿಯಾಗಿತ್ತು. ನಿನ್ನ ಅರ್ಜಿಯಲ್ಲಿ ಅವರ ಹೆಸರಿಲ್ಲ, ಅವರದರಲ್ಲಿ ನಿನ್ನದಿಲ್ಲ. ಅದು ಗೊತ್ತಾದ ದಿನ ನನಗೆ ಇಬ್ಬರ ಮೇಲೂ ಹೇಸಿಗೆಯಾಯಿತು. ಈಗ ಆ ಹಕ್ಕಿನ ವ್ಯಾಜ್ಯದಲ್ಲಿ ಇವರು ನಿನ್ನನ್ನು ಕಳ್ಳ ಎನ್ನುತ್ತಾರೆ. "ಗರಾಜಲ್ಲಿ ಎಲ್ಲ ನೋಡಿದವಳು ನೀನೊಬ್ಬಳೇ ಸುಚೇತಾ. ದೀಪ ಪೂರ್ತಿ ನಂದು ಅಂತ ಹೇಳಿಕೆ ಕೊಡು" ಎಂದು ದಿನವೂ ಕಾಡುತ್ತಾರೆ. ನೀನೂ ಕಡಿಮೆಯವನಲ್ಲ, ದೀಪ ನಿನ್ನದೇ ಎಂದು ನಾನು ಹೇಳಬೇಕೆಂದು ನಿಶಿತಾಳ ಕೈಲಿ ಹೇಳಿಸಿದೆ. ಕಟ್ಟಿಕೊಂಡ ಗಂಡನೋ, ಎತ್ತಿ ಆಡಿಸಿದ ತಮ್ಮನೋ ಎಂದರೆ ನಾನು ಎಲ್ಲಿಗೆ ಹೋಗಲಿ? ಊಟ ಸೇರುತ್ತಿಲ್ಲ.

ನಿಮ್ಮಿಬ್ಬರನ್ನೂ ದೇವರು ಚೆನ್ನಾಗಿಟ್ಟಿರಲಿ. ನಿಶಿತಾಳ ಮೇಲೆ ನನಗೆ ಕೋಪವಿಲ್ಲ ಎಂದು ತಿಳಿಸು.

ನಿನ್ನ ಅಕ್ಕ,
ಸುಚೇತಾ

ತಾ.ಕ.: ಮೇಲೆ ಬರೆದದ್ದು ನಿನ್ನೆ. ಇವತ್ತು ಆಸ್ಟಿನ್ನಿಗೆ ಹೋಗಿ ವಕೀಲರ ಮುಂದೆ ಪ್ರಮಾಣ ಮಾಡಿ ಹೇಳಿಕೆ ಕೊಟ್ಟು ಬಂದೆ. ಯೋಚನೆ ಗಂಡನದು, ಬೆಳಕನ್ನು ಸ್ಥಿರವಾಗಿ ನಿಲ್ಲಿಸಿದ್ದು ತಮ್ಮ, ಒಬ್ಬನಿಂದ ಆದದ್ದಲ್ಲ ಎಂದೆ. ವಾಪಸು ಬಂದವರೇ ಇವರು ತಮ್ಮ ದಿಂಬು, ಹೊದಿಕೆ ಎತ್ತಿಕೊಂಡು ಗರಾಜಿಗೆ ಹೋಗಿ ಮಲಗಿದರು. ಈಗ ನೀನೂ ನನ್ನನ್ನು ಬಿಟ್ಟರೆ ಈ ದೇಶದಲ್ಲಿ ನನಗೆ ಯಾರೂ ಇಲ್ಲ. ಆದರೂ ಮತ್ತೆ ಕೇಳಿದರೆ ಅದನ್ನೇ ಹೇಳುತ್ತೇನೆ.