ಅವ್ವ ಮುಡಿ ಕೊಟ್ಟ ಮೇಲೆ

ಕವಲಂದೆ
17-11-2025, ಸೋಮವಾರ

ಪ್ರೀತಿಯ ವನಿತಕ್ಕಾ,

ಹೇಗಿದ್ದೀಯಾ? ಕಾಲಿನ ಊತ ಇಳಿಯಿತಾ? ಅನ್ನ ಸೇರುತ್ತಿದೆಯಾ? ನಿಂಗರಾಜು ಭಾವ ಚೆನ್ನಾಗಿದ್ದಾರಾ? ಹತ್ತನೇ ಕ್ಲಾಸು ಬಿಟ್ಟ ಮೇಲೆ ನಾನು ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪು ಕಂಡರೆ ನಗು, ನೀನು ನಕ್ಕು ಬಹಳ ದಿನವಾಗಿರಬೇಕು. ಫೋನು ಮಾಡಿದರೆ ನಿಮ್ಮತ್ತೆ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂರುತ್ತಾರೆ. ಅದಕ್ಕೇ ಸೋಸಲೆಗೆ ಬರುತ್ತಿರುವ ಮರಿತಾಯಮ್ಮ ಚಿಕ್ಕವ್ವನ ಕೈಲಿ ಇದನ್ನು ಕೊಟ್ಟು ಕಳಿಸಿದ್ದೇನೆ. ಹೊಟ್ಟೆಯಲ್ಲಿರುವ ನಿನ್ನ ಮಗುವಿನ ವಿಷಯವಿದೆ, ಅತ್ತರೂ ಸರಿ, ಕೊನೆಯವರೆಗೂ ಓದು.

ಬಸುರಿಯಾದವಳು ಹೆಣ ನೋಡಬಾರದೆಂದು ನಿನ್ನನ್ನು ಅವ್ವನ ಮಣ್ಣಿಗೂ ಕಳಿಸಲಿಲ್ಲ. ನೀನು ನೋಡದ್ದನ್ನು ನಾನಾದರೂ ಹೇಳಬೇಕಲ್ಲ. ಮುತ್ತೈದೆ ಸಾವು ಅಂತ ಹೆಂಗಸರು ಮಲ್ಲಿಗೆ ತಂದರು. ಮುಡಿಸಲು ಕೂದಲಿರಲಿಲ್ಲ. ನಂಜುಂಡಪ್ಪನಿಗೆ ಮುಡಿ ಕೊಟ್ಟ ತಲೆ, ಬೆರಳುದ್ದವೂ ಬೆಳೆದಿರಲಿಲ್ಲ. ಚಿಕ್ಕವ್ವ ದಾರ ತಂದು ಹೂವನ್ನು ತಲೆಯ ಸುತ್ತ ಕಟ್ಟಿದಳು. ಅದು ಜಾರಿ ಜಾರಿ ಅವ್ವನ ಕಣ್ಣಿನ ಮೇಲೆ ಬೀಳುತ್ತಿತ್ತು. ನಾನು ಮೇಲೆತ್ತಿ ಮೇಲೆತ್ತಿ ಇಡುತ್ತಿದ್ದೆ. ನನಗೆ ಬೇರೆ ಕೆಲಸವೂ ತೋಚಲಿಲ್ಲ.

ಕಾಮಾಲೆಯಿಂದ ಹೋದಳು ಎಂದು ನಿನಗೆ ಹೇಳಿದ್ದಾರೆ. ಅದು ಅರ್ಧ ನಿಜ. ಅವ್ವನ ಲಿವರಿನಲ್ಲಿ ಹೆಪಟೈಟಿಸ್ ಬಿ ಎಂಬ ವೈರಸ್ಸು ಬಹಳ ವರ್ಷಗಳಿಂದ ಇತ್ತು. ಮೈಸೂರಿನ ಡಾಕ್ಟರು ದಿನಾ ನುಂಗಲು ಮಾತ್ರೆ ಕೊಟ್ಟಿದ್ದರು. ಬೇಸಿಗೆಯಲ್ಲಿ ರಕ್ತ ನೋಡಿದಾಗ, ಮೊದಲಿದ್ದ ವೈರಸ್ಸಿನ ಒಂದು ಗುರುತು ಕಾಣಲಿಲ್ಲ. ಆದರೂ ಮಾತ್ರೆ ನಿಲ್ಲಿಸಬೇಡಿ ಎಂದರು. ಅವ್ವನ ಕಿವಿಗೆ ಬಿದ್ದದ್ದು ಮೊದಲಿನ ಮಾತು ಮಾತ್ರ. ವಾಸಿಯಾದರೆ ತಲೆಗೂದಲು ಕೊಡುತ್ತೇನೆಂದು ಹರಸಿಕೊಂಡಿದ್ದಳಲ್ಲ, ನಂಜನಗೂಡಿಗೆ ಹೋಗಿ ಕಪಿಲೆಯಲ್ಲಿ ಮುಳುಗಿ ಕೊಟ್ಟೇ ಬಂದಳು. ಅವತ್ತಿನಿಂದ ಮಾತ್ರೆ ಮುಟ್ಟಲಿಲ್ಲ. "ಅರಕೆ ತೀರ್ಸಿ ಬಂದ್ಮೇಲೂ ಮಾತ್ರೆ ನುಂಗುದ್ರೆ, ನಿನ್ ಮ್ಯಾಲೆ ನಂಬ್ಕೆ ಇಲ್ಲ ಅಂತ ಅವ್ನ್ ಮೊಕಕ್ಕೇ ಏಳ್ದಂಗೆ ಕಣ್ಲಾ" ಅಂದಳು. ನಾನು ಜಗಳಕ್ಕೆ ನಿಂತರೆ, "ಎಸೆಲ್ಸಿ ಬುಟ್ಟೋನು ನಂಜುಂಡಪ್ಪಂಗೇ ಪಾಟ ಏಳಕ್ ಬಂದವ್ನೆ" ಎಂದು ಬೋಳುತಲೆ ಸವರಿಕೊಂಡು ನಕ್ಕಳು. ಅಪ್ಪನೂ ನಕ್ಕ.

ದಸರೆ ಕಳೆಯುವಷ್ಟರಲ್ಲಿ ಕಣ್ಣು ಅರಿಶಿನವಾಯಿತು, ಹೊಟ್ಟೆ ನೀರು ತುಂಬಿ ಬಿಗಿಯಿತು. ಗುರುತು ಹೋಗಿತ್ತಲ್ಲ, ಕಾಯಿಲೆ ಹೇಗೆ ಬಂತು ಎಂದು ಡಾಕ್ಟರನ್ನು ರೇಗಿಯೇ ಕೇಳಿದೆ. ಅವರು ರೇಗಲಿಲ್ಲ. ವೈರಸ್ಸು ತನ್ನದೇ ನಕಲು ಮಾಡುತ್ತಾ ಹೋಗುತ್ತದಂತೆ. ಒಂದೊಂದು ನಕಲಿನಲ್ಲಿ ಒಂದೊಂದು ತಪ್ಪು. ಪಕ್ಕದವನ ಉತ್ತರ ನೋಡಿ ನಾನು ಬರೆಯುತ್ತಿದ್ದೆನಲ್ಲ, ಹಾಗೇ. ಅಂಥ ಒಂದು ತಪ್ಪಿನಿಂದ ಆ ಗುರುತು ತಯಾರಾಗುವುದು ನಿಂತಿತ್ತು, ವೈರಸ್ಸು ನಿಂತಿರಲಿಲ್ಲ. "ಬೋರ್ಡು ಇಳ್ಸವ್ರೆ ಕಣಪ್ಪ, ಅಂಗ್ಡಿ ಒಳಗೆ ವ್ಯಾಪಾರ ನಡೀತಾನೇ ಇತ್ತು" ಎಂದರು. ಅದನ್ನು ತಡೆದಿದ್ದದ್ದು ಮಾತ್ರೆಯೊಂದೇ. ಅವ್ವನಿಗೆ ಹೇಳೋಣವೆಂದು ಒಳಗೆ ಹೋದೆ. ಅವಳಿಗೆ ಆಗಲೇ ನನ್ನ ಗುರುತು ಸಿಗುತ್ತಿರಲಿಲ್ಲ.

ಅಪ್ಪ ಈಗ ಹೊಲಕ್ಕೂ ಹೋಗುತ್ತಿಲ್ಲ. ಅವ್ವನ ಬಾಚಣಿಗೆ ಇನ್ನೂ ಗೂಡಿನಲ್ಲೇ ಇದೆ, ತೆಗೆಯಲು ಬಿಡುತ್ತಿಲ್ಲ. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ಭಾರ ಎತ್ತಬೇಡ. ಭಾವನಿಗೆ ನಮಸ್ಕಾರ, ಅತ್ತೆಗೂ.

ನಿನ್ನ ತಮ್ಮ,
ದೀಪಕ

ಮಗುವಿನ ವಿಷಯ ಮರೆತಿಲ್ಲ ಅಕ್ಕಾ, ಬರೆಯಲು ಕೈ ಬರಲಿಲ್ಲ. ನನ್ನ ರಕ್ತದಲ್ಲೂ ಅದೇ ವೈರಸ್ಸಿದೆ. ಹುಟ್ಟುವಾಗ ಅವ್ವನಿಂದಲೇ ಬಂದಿರಬೇಕು ಅಂದರು. ನೀನೂ ಅದೇ ಹೊಟ್ಟೆಯಿಂದ ಬಂದವಳು. "ಎರ್ಗೆ ಆಗ್ಲಿ, ಈಗ್ಲೇ ಏಳುದ್ರೆ ಮಗ್ಳುನ್ನ ತಂದ್ ಬುಟ್ಬುಡ್ತಾರೆ ಕಣ್ಲಾ" ಎಂದು ಅಪ್ಪ ಆಣೆ ಹಾಕಿಸಲು ಬಂದ, ನಾನು ಹಾಕಲಿಲ್ಲ. ನರಸೀಪುರದ ಆಸ್ಪತ್ರೆಯಲ್ಲಿ ಈ ಪರೀಕ್ಷೆ ನಿನಗೆ ಆಗಿದೆಯಾ ಕೇಳು, ಇಲ್ಲವಾದರೆ ನಾಳೆಯೇ ಮಾಡಿಸು. ಇದ್ದರೂ ಹೆದರಬೇಡ, ಮಾತ್ರೆಯಿದೆ, ಮಗುವಿಗೆ ಹುಟ್ಟಿದ ದಿನವೇ ಸೂಜಿ ಹಾಕಿದರೆ ತಡೆಯಬಹುದಂತೆ. ಜೊತೆಗೆ ಉಂಡರೆ, ಮುಟ್ಟಿದರೆ ಇದು ಅಂಟುವುದಿಲ್ಲ, ತಟ್ಟೆ ಬೇರೆ ಇಟ್ಟರೆ ನನ್ನನ್ನು ಕರೆ, ನಾನೇ ಬಂದು ಹೇಳುತ್ತೇನೆ. ಮಗುವಿನ ಮೊದಲ ಮುಡಿ ನಂಜುಂಡಪ್ಪನಿಗೇ ಕೊಡೋಣ, ಸೋದರಮಾವ ನಾನೇ ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇನೆ. ಆದರೆ ಸೂಜಿ ಮೊದಲು.